ಜೀವಕಣದ ಶಾನುಭೋಗರು

ಹೋದ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಮೇಷ್ಟರು ಮನೆಗೆ ಬಂದಿದ್ದರು. ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ಈಗ ೭೪ ವರ್ಷ. ಕಾರಣವಿಲ್ಲದೆ ಯಾರ ಮನೆಯ ಹೊಸ್ತಿಲನ್ನೂ ತುಳಿಯತಕ್ಕವರಲ್ಲ. ಕಾಫಿ ಕುಡಿದು ಲೋಟವನ್ನು ಕೆಳಗಿರಿಸಿದವರು ಜುಬ್ಬದ ಜೇಬಿನಿಂದ ಬಿಳಿಯ ಸೀಸೆಯೊಂದನ್ನು ತೆಗೆದು ನನ್ನ ಮುಂದಿಟ್ಟರು. ಅಮೆರಿಕೆಯಲ್ಲಿರುವ ಮಗ ಕಳುಹಿಸಿದ ಗುಳಿಗೆಗಳು.

"ಇವು ಮೈಯೊಳಗಿನ ಸರ್ಟೂಯಿನ್ ಎಂಬ ಕಿಣ್ವಗಳನ್ನು ಎಬ್ಬಿಸುತ್ತವಂತೆ, ಅವು ಎದ್ದರೆ ಮುಪ್ಪು ಹಿಂದಕ್ಕೆ ಸರಿಯುತ್ತದಂತೆ. ನುಂಗಲೋ ಬೇಡವೋ, ಒಂದೇ ಮಾತಿನಲ್ಲಿ ಹೇಳಿಬಿಡಿ ರಾಯರೇ" ಎಂದರು.

ನಾನು ಹಗುರವಾಗಿ, "ಏನು ಮೇಷ್ಟರೇ, ತಮಗೂ ಯಯಾತಿಯ ಆಸೆ ಹುಟ್ಟಿತೆ?" ಎಂದುಬಿಟ್ಟೆ. ಅವರು ನಗಲಿಲ್ಲ. ಅವರ ಮನೆಯಾಕೆ ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷಗಳಿಂದ ಹಾಸಿಗೆ ಹಿಡಿದಿರುವುದು ನನಗೆ ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ. "ಯೌವನ ಯಾರಿಗೆ ಬೇಕು? ಅವಳಿಗಿಂತ ಒಂದು ದಿನ ಹೆಚ್ಚಿಗೆ ಇದ್ದರೆ ಸಾಕು. ನಾನೇ ಮುಂಚೆ ಹೊರಟರೆ ಅವಳಿಗೆ ಗಂಜಿ ಕುಡಿಸುವವರಾರು?" ಎಂದು ಮೆಲ್ಲನೆ ನುಡಿದರು. ನನಗೆ ನಾಚಿಕೆಯಾಯಿತು. ಇಂಥ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಸಲ್ಲದೆಂದು ತೋರಿ ಒಂದು ವಾರದ ಗಡುವು ಬೇಡಿದೆ. ಅವರಿಗೆ ಕೊಡಬೇಕಾದ ಉತ್ತರವನ್ನೇ ಈ ವಾರ ವಾಚಕರ ಮುಂದೆಯೂ ಇಡುತ್ತಿದ್ದೇನೆ. ಇಂಥ ಸೀಸೆಗಳು ಈಗ ಅನೇಕರ ಮನೆಗಳನ್ನು ಹೊಕ್ಕಿವೆಯಷ್ಟೆ.

ಸರ್ಟೂಯಿನ್‌ಗಳ ಕಥೆ ಮೊದಲಾಗುವುದು ಮನುಷ್ಯನಿಂದಲ್ಲ, ರೊಟ್ಟಿಯ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯಿಂದ. ಯೀಸ್ಟಿನಲ್ಲಿಯೂ ಹೆಣ್ಣುಗಂಡುಗಳನ್ನು ಹೋಲುವ ಎರಡು ಪಂಗಡಗಳುಂಟು. ಪ್ರತಿಯೊಂದು ಯೀಸ್ಟ್ ಕಣವೂ ಎರಡೂ ಪಂಗಡಗಳ ಲಕ್ಷಣಗಳನ್ನು ತನ್ನ ವಂಶಸೂತ್ರದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆದರೆ ಬೇಡವಾದ ಪ್ರತಿಗಳನ್ನು ಸದ್ದಿಲ್ಲದಂತೆ ಮುಚ್ಚಿಡುತ್ತದೆ. ಈ ಮೌನ ಮುರಿದರೆ ಆ ಕಣ ಕೂಡಿಕೆಗೆ ಬಾರದೆ ಬಂಜೆಯಾಗುತ್ತದೆ. ಮೌನವನ್ನು ಕಾಯುವ ವಂಶವಾಹಿಗಳು ಯಾವುವೆಂಬುದನ್ನು ೧೯೭೯ರಲ್ಲಿ ಇಬ್ಬಗೆಯ ಸಂಶೋಧಕರು ಬೇರೆ ಬೇರೆಯಾಗಿ ಕಂಡುಕೊಂಡರು. ಅವರಲ್ಲೊಬ್ಬರು ಪಂಜಾಬಿನಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ ನೆಲಸಿದ್ದ ಅಮರ್ ಕ್ಲಾರ್. ಇನ್ನೊಂದು ಪಂಗಡದಲ್ಲಿ ಜಾಸ್ಪರ್ ರೈನ್ ಮತ್ತು ಸಂಗಡಿಗರು. ಎರಡನೆಯವರು ಇಟ್ಟ 'ಸರ್' ಎಂಬ ಹೆಸರೇ ನಿಂತಿತು. ಮೌನವಾಗಿರಬೇಕಾದ ಮಾಹಿತಿಯ ನಿಯಂತ್ರಕ ಎಂಬ ಅರ್ಥದ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳವು. ಮುಂದೆ ಈ ಬಳಗಕ್ಕೆಲ್ಲ ಸರ್ಟೂಯಿನ್ ಎಂಬ ನಾಮಕರಣವಾದುದು ಇದರಿಂದಲೇ. ಆಗ ಇದಕ್ಕೂ ಮುಪ್ಪಿಗೂ ನಂಟಿದೆಯೆಂದು ಯಾರೂ ಕನಸಿನಲ್ಲಿಯೂ ಎಣಿಸಿರಲಿಲ್ಲ.

ಯೀಸ್ಟಿಗೂ ಮುಪ್ಪುಂಟೆ ಎಂದು ಕೇಳಬಹುದು. ಉಂಟು. ತಾಯಿಕಣದ ಮೈಯಿಂದ ಮೊಗ್ಗಿನಂತೆ ಮರಿಕಣ ಹೊರಟು ಬೇರೆಯಾಗುತ್ತದೆ. ಒಂದು ತಾಯಿ ಇಪ್ಪತ್ತು ಇಪ್ಪತ್ತೈದು ಮರಿಗಳನ್ನು ಹೆತ್ತು ಬಳಲಿ ಸಾಯುತ್ತದೆ. ಮರಿಯಾದರೋ ಹೊಸದಾಗಿ ಎಣಿಕೆಯನ್ನು ಆರಂಭಿಸುತ್ತದೆ. ಸೂಕ್ಷ್ಮದರ್ಶಕದಡಿಯಲ್ಲಿ ಕಣ್ಣಿಟ್ಟು, ಹುಟ್ಟಿದ ಮರಿಯನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಪಕ್ಕಕ್ಕೆ ಸರಿಸಿ, ಎಷ್ಟು ಹೆತ್ತಿತೆಂದು ಲೆಕ್ಕವಿಡಬೇಕು. ರಾತ್ರಿ ನಿದ್ದೆ ಮಾಡಬೇಕಾದರೆ ತಟ್ಟೆಯನ್ನು ಶೀತಪೆಟ್ಟಿಗೆಯಲ್ಲಿಟ್ಟು ಅವುಗಳ ಕಾಲವನ್ನು ನಿಲ್ಲಿಸಬೇಕು. ಇಂಥ ತಾಳ್ಮೆಯ ಕೆಲಸ ೧೯೯೦ರ ದಶಕದಲ್ಲಿ ಅಮೆರಿಕೆಯ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಲೆನರ್ಡ್ ಗ್ವಾರೆಂಟೆಯವರ ಪ್ರಯೋಗಶಾಲೆಯಲ್ಲಿ ನಡೆಯಿತು. ಕಷ್ಟವನ್ನು ತಾಳಿಕೊಳ್ಳಬಲ್ಲ ಯೀಸ್ಟ್ ತಳಿಗಳನ್ನು ಆರಿಸಿ ನೋಡಲಾಗಿ, ಅವುಗಳಲ್ಲಿ ಕೆಲವು ದೀರ್ಘಾಯುಗಳೂ ಆಗಿದ್ದುವು. ಅದಕ್ಕೆ ಕಾರಣವಾದ ವ್ಯತ್ಯಾಸ ಸರ್ ಬಳಗದ ವಂಶವಾಹಿಯೊಂದರಲ್ಲಿದೆಯೆಂದು ೧೯೯೫ರಲ್ಲಿ ಪ್ರಕಟವಾಯಿತು.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದುವು. ತಾಯಿಕಣ ಮುದಿಯಾದಂತೆ ಅದರ ವಂಶಸೂತ್ರದ ಒಂದು ಭಾಗ ಕಳಚಿ ಪುಟ್ಟ ಬಳೆಗಳಾಗಿ, ಆ ಬಳೆಗಳು ಬೆಳೆದು ಬೆಳೆದು ಕಣವನ್ನು ಕೊಲ್ಲುತ್ತವೆಂದು ೧೯೯೭ರಲ್ಲಿ ಡೇವಿಡ್ ಸಿಂಕ್ಲೇರ್ ಮತ್ತು ಗ್ವಾರೆಂಟೆ ತೋರಿಸಿದರು. ಸರ್-೨ ಎಂಬ ವಂಶವಾಹಿ ಆ ಭಾಗವನ್ನು ಭದ್ರವಾಗಿ ಮುಚ್ಚಿಟ್ಟು ಬಳೆಗಳು ಹುಟ್ಟದಂತೆ ತಡೆಯುತ್ತದೆ. ೧೯೯೯ರಲ್ಲಿ ಮ್ಯಾಟ್ ಕೇಬರ್ಲೀನ್ ಮೊದಲಾದವರು ಯೀಸ್ಟಿಗೆ ಸರ್-೨ರ ಇನ್ನೊಂದು ಪ್ರತಿಯನ್ನು ಕೊಟ್ಟು ನೋಡಿದರು. ಆಯಸ್ಸು ಶೇಕಡಾ ೩೦ರಷ್ಟು ಹೆಚ್ಚಿತು. ಅದನ್ನು ಕಿತ್ತುಹಾಕಿದಾಗ ಆಯಸ್ಸು ಕುಗ್ಗಿತು. ಮುಪ್ಪೆಂದರೆ ನೂರಾರು ಕಾರಣಗಳ ಸಿಕ್ಕು ಎಂದು ನಂಬಿದ್ದ ಕಾಲದಲ್ಲಿ ಒಂದೇ ಒಂದು ವಂಶವಾಹಿ ಹೀಗೆ ಆಯಸ್ಸಿನ ತಕ್ಕಡಿಯನ್ನು ಮೇಲೆ ಕೆಳಗೆ ಮಾಡಿದುದು ಎಲ್ಲರನ್ನೂ ಬೆರಗುಗೊಳಿಸಿತು.

ಇದರ ಕೆಲಸದ ರೀತಿ ತಿಳಿದದ್ದು ೨೦೦೦ದಲ್ಲಿ. ಶಿನ್-ಇಚಿರೊ ಇಮಾಯ್ ಎಂಬ ಜಪಾನೀ ಸಂಶೋಧಕರು ಗ್ವಾರೆಂಟೆಯವರೊಡನೆ ಕೂಡಿ ಅದನ್ನು ಬಿಡಿಸಿಟ್ಟರು. ಇದನ್ನು ವಿವರಿಸಲು ನಮ್ಮ ಹಳ್ಳಿಗಳಲ್ಲಿ ಹಿಂದೆ ಇದ್ದ ಶಾನುಭೋಗರನ್ನು ನೆನೆಯುವುದು ಅನುಕೂಲ. ಮಳೆ ಬೆಳೆ ಚೆನ್ನಾಗಿದ್ದ ವರ್ಷ ಊರಿನಲ್ಲಿ ಮದುವೆ, ಮುಂಜಿ, ಹೊಸ ಮನೆ, ಜಾತ್ರೆ. ಬರ ಬಂದ ವರ್ಷ ಅವೆಲ್ಲ ನಿಲ್ಲುತ್ತವೆ. ಉಗ್ರಾಣದ ಲೆಕ್ಕ ನೋಡುತ್ತಾರೆ, ಒಡೆದ ಕೆರೆಯ ಏರಿಯನ್ನು ಕಟ್ಟುತ್ತಾರೆ, ಇದ್ದುದನ್ನು ಜೋಪಾನಮಾಡುತ್ತಾರೆ. ಯಾವುದು ನಿಲ್ಲಬೇಕು, ಯಾವುದು ನಡೆಯಬೇಕೆಂಬ ಲೆಕ್ಕ ಶಾನುಭೋಗರ ಕಡತದಲ್ಲಿರುತ್ತಿತ್ತು. ಜೀವಕಣದಲ್ಲಿ ಸರ್ಟೂಯಿನ್ ಮಾಡುವುದೂ ಸರಿಸುಮಾರಾಗಿ ಇದೇ ಕೆಲಸ.

ವಂಶಸೂತ್ರದ ಉದ್ದವಾದ ಎಳೆ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳ ಮೇಲೆ ದಾರದಂತೆ ಸುತ್ತಿಕೊಂಡಿರುತ್ತದೆ. ಆ ಉಂಡೆಗಳಿಗೆ ಅಸಿಟೈಲ್ ಎಂಬ ಪುಟ್ಟ ಚೀಟಿಗಳು ಅಂಟಿದಾಗ ಸುತ್ತು ಸಡಿಲವಾಗಿ ಅಲ್ಲಿ ಬರೆದುದನ್ನು ಓದಲು ಸಾಧ್ಯವಾಗುತ್ತದೆ. ಸರ್ಟೂಯಿನ್ ಚೀಟಿಗಳನ್ನು ಕಿತ್ತುಹಾಕುತ್ತದೆ. ಸುತ್ತು ಬಿಗಿಯುತ್ತದೆ, ಮಾತು ಅಡಗುತ್ತದೆ. ಹಿಸ್ಟೋನ್ ಒಂದೇ ಅಲ್ಲದೆ ಇತರ ಎಷ್ಟೋ ಪ್ರೋಟೀನುಗಳ ಮೇಲಿನ ಚೀಟಿಗಳನ್ನೂ ಅದು ತೆಗೆದು ಅವುಗಳ ಕೆಲಸವನ್ನು ಚುರುಕುಗೊಳಿಸುವುದೋ ಮಂದಗೊಳಿಸುವುದೋ ಉಂಟು. ಇದರಲ್ಲಿ ಸ್ವಾರಸ್ಯವಾದ ಸಂಗತಿಯೆಂದರೆ, ಒಂದೊಂದು ಚೀಟಿಯನ್ನು ಕೀಳುವುದಕ್ಕೂ ಸರ್ಟೂಯಿನ್ ಒಂದು ನಾಣ್ಯವನ್ನು ಖರ್ಚುಮಾಡುತ್ತದೆ. ಆ ನಾಣ್ಯವೇ ಎನ್.ಎ.ಡಿ. ನಾಣ್ಯವಿಲ್ಲದಿದ್ದರೆ ಶಾನುಭೋಗರ ಲೇಖನಿ ಓಡದು.

ಎನ್.ಎ.ಡಿ. ಹೊಸ ವಸ್ತುವಲ್ಲ. ಯೀಸ್ಟಿನ ರಸದಲ್ಲಿ ಸಕ್ಕರೆ ಹುಳಿಯುವುದಕ್ಕೆ ಬೇಕಾದ ಅಂಶವೊಂದಿದೆಯೆಂದು ೧೯೦೬ರಲ್ಲಿಯೇ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಕಂಡಿದ್ದರು. ಅದನ್ನು ಮುಂದುವರಿಸಿದ ಹ್ಯಾನ್ಸ್ ಫಾನ್ ಆಯ್ಲರ್-ಕೆಲ್ಪಿನ್ ಅವರಿಗೂ ಹಾರ್ಡನ್ನರಿಗೂ ೧೯೨೯ರ ನೊಬೆಲ್ ಬಹುಮಾನ ಸಂದಿತು. ಉಂಡ ಅನ್ನ ಮೈಯಲ್ಲಿ ಉರಿದು ಶಕ್ತಿಯಾಗುವಾಗ ಆ ಶಕ್ತಿಯನ್ನು ಹೊತ್ತು ಸಾಗಿಸುವ ಕೂಲಿಯಾಳು ಈ ಎನ್.ಎ.ಡಿ. ಹೊಟ್ಟೆ ತುಂಬಿದಾಗ ಅದು ಹೊರೆ ಹೊತ್ತು ಓಡಾಡುತ್ತಿರುತ್ತದೆ. ಹಸಿದಾಗ ಕೈ ಬರಿದಾಗಿ ಬಿಡುವಾಗುತ್ತದೆ. ಆ ಬಿಡುವಾದ ಎನ್.ಎ.ಡಿ.ಯೇ ಸರ್ಟೂಯಿನ್ನಿಗೆ ನಾಣ್ಯ. ಹೀಗೆ ಉಗ್ರಾಣದ ಸ್ಥಿತಿ ನೇರವಾಗಿ ಶಾನುಭೋಗರಿಗೆ ತಿಳಿಯುತ್ತದೆ. ಆಹಾರಕ್ಕೂ ಆಯಸ್ಸಿಗೂ ಇರುವ ಕೊಂಡಿ ಸಿಕ್ಕಿತೆಂದು ವಿಜ್ಞಾನಿಗಳು ಹಿಗ್ಗಿದ್ದು ಇಲ್ಲಿ.

ಹಿಗ್ಗಲು ಹಳೆಯ ಕಾರಣವೊಂದೂ ಇದ್ದಿತು. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ೧೯೩೫ರಲ್ಲಿ ಇಲಿಗಳಿಗೆ ಪೌಷ್ಟಿಕಾಂಶ ತಪ್ಪದಂತೆ, ಆದರೆ ಒಟ್ಟು ಆಹಾರ ಕಡಿಮೆಯಾಗುವಂತೆ ಮೇವು ಕೊಟ್ಟು, ಅವು ಬಹಳ ಹೆಚ್ಚು ಕಾಲ ಬದುಕುವುದನ್ನು ತೋರಿಸಿದ್ದರು. ಏಕೆಂಬುದಕ್ಕೆ ಸರಿಯಾದ ಉತ್ತರವಿರಲಿಲ್ಲ. ಸಕ್ಕರೆ ಕಡಿಮೆ ಕೊಟ್ಟರೆ ಯೀಸ್ಟಿನ ಆಯಸ್ಸೂ ಹೆಚ್ಚುತ್ತದೆ, ಸರ್-೨ ಇಲ್ಲದ ಯೀಸ್ಟಿನಲ್ಲಿ ಮಾತ್ರ ಹಾಗಾಗದೆಂದು ೨೦೦೦ದಲ್ಲಿ ಗ್ವಾರೆಂಟೆಯವರ ತಂಡ ಸಾರಿತು. ಮರುವರ್ಷ ದುಂಡುಹುಳುವಿನಲ್ಲಿಯೂ ೨೦೦೪ರಲ್ಲಿ ಹಣ್ಣಿನ ನೊಣದಲ್ಲಿಯೂ ಸರ್ಟೂಯಿನ್ ಹೆಚ್ಚಿಸಿದಾಗ ಆಯಸ್ಸು ಬೆಳೆಯಿತೆಂದು ಸುದ್ದಿ ಬಂದಿತು. ಮನುಷ್ಯನಲ್ಲಿ ಇಂಥ ಸರ್ಟೂಯಿನ್‌ಗಳು ಏಳು ಇವೆಯೆಂದೂ ಅಷ್ಟರಲ್ಲಿ ಗೊತ್ತಾಗಿದ್ದಿತು.

ಆ ಏಳು ಮಂದಿಯೂ ಒಂದೇ ಚಾವಡಿಯಲ್ಲಿ ಕುಳಿತಿಲ್ಲ. ೧, ೬, ೭ನೆಯವು ಮುಖ್ಯವಾಗಿ ಜೀವಕಣದ ನಡುಬೀಜದಲ್ಲಿ. ೨ನೆಯದು ಬೀಜದ ಹೊರಗಿನ ರಸದಲ್ಲಿ. ೩, ೪, ೫ನೆಯವು ಶಕ್ತಿಯ ಒಲೆಗಳೆನಿಸಿದ ಮೈಟೊಕಾಂಡ್ರಿಯಗಳಲ್ಲಿ. ಎಲ್ಲವೂ ಅಸಿಟೈಲ್ ಚೀಟಿಯನ್ನೇ ಕೀಳುವುದೂ ಇಲ್ಲ. ೫ನೆಯದರ ಕೈ ಓಡುವುದು ಸಕ್ಸಿನೈಲ್ ಮೊದಲಾದ ಬೇರೆ ಚೀಟಿಗಳ ಮೇಲೆ. ಉಪವಾಸದ ಹೊತ್ತಿನಲ್ಲಿ ಯಕೃತ್ತು ರಕ್ತಕ್ಕೆ ಬೇಕಾದ ಸಕ್ಕರೆಯನ್ನು ತಾನೇ ತಯಾರಿಸತೊಡಗುವುದರಲ್ಲಿ ೧ನೆಯದಕ್ಕೆ ಪಾಲುಂಟು. ಕೂಡಿಟ್ಟ ಕೊಬ್ಬನ್ನು ಉರಿಸಲು ಅನುವು ಮಾಡಿಕೊಡುವುದು ೩ನೆಯದು. ೬ನೆಯದು ಮುರಿದ ವಂಶಸೂತ್ರವನ್ನು ರಿಪೇರಿ ಮಾಡುವವರ ಮೇಲ್ವಿಚಾರಕ. ಅದಿಲ್ಲದೆ ಹುಟ್ಟಿದ ಇಲಿಮರಿಗಳು ಎಳೆಯ ವಯಸ್ಸಿನಲ್ಲಿಯೇ ಮುದಿಯ ಲಕ್ಷಣಗಳನ್ನು ತೋರಿ ಸುಮಾರು ನಾಲ್ಕು ವಾರಗಳಲ್ಲಿ ಸಾಯುತ್ತವೆಂದು ೨೦೦೬ರಲ್ಲಿ ತಿಳಿಯಿತು.

೩ನೆಯದರ ಬಗೆಗೆ ನನ್ನ ಮನಸ್ಸಿನಲ್ಲಿ ನಿಂತಿರುವ ಪ್ರಯೋಗವೊಂದಿದೆ. ಮನುಷ್ಯರಂತೆ ಇಲಿಗಳಿಗೂ ವಯಸ್ಸಾದಂತೆ ಕಿವಿ ಮಂದವಾಗುತ್ತದೆ. ಮಿತಾಹಾರದಲ್ಲಿ ಬೆಳೆದ ಇಲಿಗಳಿಗೆ ಮಾತ್ರ ಮುಪ್ಪಿನಲ್ಲಿಯೂ ಚೆನ್ನಾಗಿ ಕೇಳಿಸುತ್ತಿದ್ದಿತು. ೩ನೆಯ ಸರ್ಟೂಯಿನ್ ಇಲ್ಲದ ಇಲಿಗಳಿಗೆ ಅದೇ ಮಿತಾಹಾರವನ್ನು ಕೊಟ್ಟರು. ಈ ಬಾರಿ ಪ್ರಯೋಜನವಾಗಲಿಲ್ಲ; ಅವು ಕಿವುಡಾದುವು. ೨೦೧೦ರಲ್ಲಿ ಬಂದ ಈ ವರದಿ ಮಿತಾಹಾರದ ಒಂದು ನಿರ್ದಿಷ್ಟವಾದ ಫಲ ಒಂದು ನಿರ್ದಿಷ್ಟವಾದ ಕಿಣ್ವದ ಮೂಲಕವೇ ಬರುತ್ತದೆಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಆಯಸ್ಸು ಹೆಚ್ಚಿಸುತ್ತದೆ ಎಂಬ ದೊಡ್ಡ ಮಾತಿಗಿಂತ ಇಂಥ ಚಿಕ್ಕ ಮಾತುಗಳಲ್ಲಿ ಸರ್ಟೂಯಿನ್ನಿನ ನಿಜಸ್ವರೂಪ ಹೆಚ್ಚಾಗಿ ಕಾಣುತ್ತದೆಂದು ನನ್ನ ಎಣಿಕೆ.

ಆದರೆ ಲೋಕಕ್ಕೆ ಬೇಕಾಗಿದ್ದುದು ದೊಡ್ಡ ಮಾತು. ೨೦೦೩ರಲ್ಲಿ ಸಿಂಕ್ಲೇರ್ ಮತ್ತು ಸಂಗಡಿಗರು ಕೆಂಪು ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ವಸ್ತು ಸರ್ಟೂಯಿನ್ನನ್ನು ಚುರುಕುಗೊಳಿಸಿ ಯೀಸ್ಟಿನ ಆಯಸ್ಸನ್ನು ಶೇಕಡಾ ೭೦ರಷ್ಟು ಬೆಳೆಸಿತೆಂದು ಪ್ರಕಟಿಸಿದರು. ೨೦೦೬ರಲ್ಲಿ ಕೊಬ್ಬಿನ ಆಹಾರ ತಿಂದು ಬೊಜ್ಜು ಬೆಳೆದ ಇಲಿಗಳಿಗೆ ಅದನ್ನು ಕೊಡಲಾಗಿ, ಅವುಗಳ ಆರೋಗ್ಯ ಸುಧಾರಿಸಿ ಸಾವು ಕಡಿಮೆಯಾಯಿತು. ದ್ರಾಕ್ಷಾಸವ ಕುಡಿಯುವವರಿಗೆ ನೆಪ ಸಿಕ್ಕಿದಂತಾಯಿತು. ಆ ಇಲಿಗಳಿಗೆ ಕೊಟ್ಟ ಪ್ರಮಾಣವನ್ನು ಮನುಷ್ಯನ ತೂಕಕ್ಕೆ ಏರಿಸಿದರೆ ದಿನಕ್ಕೆ ನೂರಾರು ಸೀಸೆ ಕುಡಿಯಬೇಕಾಗುತ್ತದೆಂಬ ಲೆಕ್ಕವನ್ನು ಯಾರು ಹಾಕುತ್ತಾರೆ! ನಮ್ಮ ಕಡಲೆಕಾಯಿಯಲ್ಲಿಯೂ ಅದರ ಅಂಶ ಅತ್ಯಲ್ಪವಾಗಿ ಉಂಟು; ಹಾಗೆಂದು ಪರಿಷೆಗೆ ಹೋಗಿ ಬಂದವರ ಆಯಸ್ಸು ಬೆಳೆಯುವುದಿಲ್ಲ.

೨೦೦೪ರಲ್ಲಿ ಹುಟ್ಟಿದ ಸರ್ಟ್ರಿಸ್ ಎಂಬ ಔಷಧ ಕಂಪನಿಯನ್ನು ೨೦೦೮ರಲ್ಲಿ ಗ್ಲಾಕ್ಸೊ ಸ್ಮಿತ್‌ಕ್ಲೈನ್ ಕಂಪನಿ ೭೨ ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಷ್ಟರಲ್ಲಿಯೇ ಅಪಸ್ವರಗಳು ಕೇಳಿಬರುತ್ತಿದ್ದುವು. ರೆಸ್ವೆರಟ್ರಾಲಿನ ಪರೀಕ್ಷೆಯಲ್ಲಿ ಅಳತೆಗೆಂದು ಕೂಡಿಸಿದ ಹೊಳೆಯುವ ಬಣ್ಣವೇ ಫಲಿತಾಂಶವನ್ನು ತಂದಿದೆ, ಬಣ್ಣವಿಲ್ಲದಿದ್ದರೆ ಕಿಣ್ವ ಚುರುಕಾಗುವುದಿಲ್ಲವೆಂದು ೨೦೦೫ರಲ್ಲಿ ಕೆಲವರೂ, ೨೦೧೦ರಲ್ಲಿ ಫೈಜರ್ ಕಂಪನಿಯ ವಿಜ್ಞಾನಿಗಳೂ ಆಕ್ಷೇಪಿಸಿದರು. ಕೆಲವು ಪ್ರೋಟೀನುಗಳ ಮಟ್ಟಿಗೆ ಚುರುಕು ನಿಜವೆಂದು ಸಿಂಕ್ಲೇರರ ಪಂಗಡ ೨೦೧೩ರಲ್ಲಿ ಉತ್ತರ ಕೊಟ್ಟಿತು. ಈ ನಡುವೆ ೨೦೧೦ರಲ್ಲಿ, ಅಸ್ಥಿಮಜ್ಜೆಯ ಕ್ಯಾನ್ಸರ್ ರೋಗಿಗಳ ಮೇಲೆ ನಡೆಯುತ್ತಿದ್ದ ರೆಸ್ವೆರಟ್ರಾಲ್ ಪ್ರಯೋಗವನ್ನು, ಕೆಲವರ ಮೂತ್ರಪಿಂಡಗಳು ಕೆಟ್ಟ ಕಾರಣ ನಿಲ್ಲಿಸಬೇಕಾಯಿತು. ೨೦೧೩ರಲ್ಲಿ ಸರ್ಟ್ರಿಸ್ಸಿನ ಪ್ರತ್ಯೇಕ ಕಚೇರಿಯೇ ಮುಚ್ಚಿತು.

ಅದಕ್ಕಿಂತಲೂ ಗಟ್ಟಿಯಾದ ಪೆಟ್ಟು ೨೦೧೧ರಲ್ಲಿ ಲಂಡನ್ನಿನಿಂದ ಬಿದ್ದಿತು. ಡೇವಿಡ್ ಜೆಮ್ಸ್, ಲಿಂಡಾ ಪಾರ್ಟ್ರಿಜ್ ಮೊದಲಾದವರು ಹಳೆಯ ದೀರ್ಘಾಯು ಹುಳುಗಳನ್ನು ತರಿಸಿಕೊಂಡು, ಅವುಗಳ ವಂಶಸೂತ್ರದಲ್ಲಿ ಸೇರಿಕೊಂಡಿದ್ದ ಬೇರೊಂದು ಬದಲಾವಣೆಯನ್ನು ತೆಗೆದು ಶುದ್ಧಮಾಡಿ ಮತ್ತೆ ಎಣಿಸಿದರು. ಆಯಸ್ಸಿನ ಹೆಚ್ಚಳ ಮಾಯವಾಯಿತು. ನೊಣಗಳಲ್ಲಿಯೂ ಸರಿಯಾದ ಜೋಡಿಯೊಡನೆ ಹೋಲಿಸಿದಾಗ ಅದೇ ಕಥೆ. ಗ್ವಾರೆಂಟೆಯವರು ತಾವೇ ತಮ್ಮ ಹುಳುಗಳನ್ನು ಮರುಪರೀಕ್ಷೆಗೆ ಒಡ್ಡಿ, ಹಿಂದೆ ಶೇಕಡಾ ೫೦ರವರೆಗೆ ಎಂದಿದ್ದುದನ್ನು ೧೦ರಿಂದ ೧೪ಕ್ಕೆ ಇಳಿಸಿಕೊಂಡರು. ತನ್ನ ಹೆಸರನ್ನು ಬೆಳೆಸಿದ ಲೆಕ್ಕವನ್ನೇ ತಿದ್ದಿಕೊಳ್ಳುವುದು ಸುಲಭದ ಮಾತಲ್ಲ. ವಿಜ್ಞಾನ ಮುಂದೆ ಸಾಗುವುದು ಇಂಥ ತಿದ್ದುಪಡಿಗಳಿಂದಲೇ ಎಂಬುದನ್ನು ಜಾಹೀರಾತು ಬರೆಯುವವರು ಹೇಳುವುದಿಲ್ಲ.

ಹಾಗಾದರೆ ಉಳಿದದ್ದೇನು? ಸಾಕಷ್ಟು ಉಳಿದಿದೆ. ೬ನೆಯ ಸರ್ಟೂಯಿನ್ ಹೆಚ್ಚಾಗಿರುವಂತೆ ಮಾಡಿದ ಗಂಡು ಇಲಿಗಳು ಶೇಕಡಾ ೧೫ರಷ್ಟು ಹೆಚ್ಚು ಕಾಲ ಬಾಳಿದುವೆಂದು ಇಸ್ರೇಲಿನ ಹೈಮ್ ಕೋಹೆನ್ ಅವರ ತಂಡ ೨೦೧೨ರಲ್ಲಿ ವರದಿಮಾಡಿತು; ಹೆಣ್ಣು ಇಲಿಗಳಿಗೆ ಆ ಭಾಗ್ಯ ದೊರೆಯಲಿಲ್ಲ. ೧ನೆಯದನ್ನು ಇಡೀ ಮೈಯಲ್ಲಿ ಹೆಚ್ಚಿಸಿದ ಇಲಿಗಳ ಆಯಸ್ಸು ಬೆಳೆಯಲಿಲ್ಲ, ಆದರೆ ಮುಪ್ಪಿನಲ್ಲಿ ಅವುಗಳ ಆರೋಗ್ಯ ಮೇಲಾಗಿದ್ದಿತು. ಅದನ್ನೇ ಮಿದುಳಿನಲ್ಲಿ ಮಾತ್ರ ಹೆಚ್ಚಿಸಿದಾಗ ಆಯಸ್ಸೂ ಬೆಳೆಯಿತೆಂದು ಇಮಾಯ್ ಅವರ ತಂಡ ೨೦೧೩ರಲ್ಲಿ ತೋರಿಸಿತು. ರೋಗಗಳ ವಿಷಯದಲ್ಲಿ ಶಾನುಭೋಗರು ಎರಡು ಮುಖದವರು. ೧ನೆಯದು ಕೆಲವು ಕ್ಯಾನ್ಸರುಗಳನ್ನು ತಡೆಯುವುದೂ ಉಂಟು, ಕೆಲವಕ್ಕೆ ಒತ್ತಾಸೆಯಾಗುವುದೂ ಉಂಟು. ನಡುಕದ ರೋಗವೆನಿಸಿದ ಪಾರ್ಕಿನ್ಸನ್ನಿನ ಪ್ರಯೋಗಗಳಲ್ಲಿ ೨ನೆಯದನ್ನು ಎಬ್ಬಿಸಿದ್ದರಿಂದಲ್ಲ, ಅಡಗಿಸಿದ್ದರಿಂದ ನರಕಣಗಳು ಉಳಿದುವೆಂದು ೨೦೦೭ರ ವರದಿಯೊಂದು ಹೇಳುತ್ತದೆ. ಆದುದರಿಂದ ಎಲ್ಲ ಸರ್ಟೂಯಿನ್‌ಗಳನ್ನೂ ಎಬ್ಬಿಸಿಬಿಟ್ಟರೆ ಒಳ್ಳೆಯದೇ ಆಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ.

ಇನ್ನು ಮೇಷ್ಟರ ಸೀಸೆ. ಅದರಲ್ಲಿದ್ದುದು ರೆಸ್ವೆರಟ್ರಾಲ್ ಅಲ್ಲ, ಎನ್.ಎಂ.ಎನ್. ಎಂಬ ವಸ್ತು, ಎಂದರೆ ಎನ್.ಎ.ಡಿ. ನಾಣ್ಯವನ್ನು ಅಚ್ಚುಹಾಕಲು ಮೈಗೆ ಬೇಕಾದ ಲೋಹ. ಈ ನಾಣ್ಯದ ಕೊರತೆ ಎಷ್ಟು ಘೋರವೆಂಬುದು ನಮ್ಮ ದಖ್ಖಣಕ್ಕೆ ಚೆನ್ನಾಗಿ ತಿಳಿದ ವಿಷಯ. ಎನ್.ಎ.ಡಿ.ಯ ಮೂಲದ್ರವ್ಯಗಳಲ್ಲೊಂದು ನಯಾಸಿನ್ ಎಂಬ ಬಿ ಪಂಗಡದ ಜೀವಸತ್ತ್ವ. ಅದರ ಅಭಾವದಿಂದ ಚರ್ಮ ಸುಟ್ಟಂತಾಗಿ, ಭೇದಿ ಹತ್ತಿ, ಬುದ್ಧಿ ಕೆಡುವ ಪೆಲಾಗ್ರ ರೋಗ ಬರುತ್ತದೆ. ನಯಾಸಿನ್ನೇ ಅದರ ಮದ್ದೆಂಬುದಕ್ಕೆ ದಾರಿ ತೋರಿಸಿದವರು ೧೯೩೭ರಲ್ಲಿ ಕಾನ್ರಾಡ್ ಎಲ್ವೆಹೆಮ್. ಜೋಳವೊಂದನ್ನೇ ನಂಬಿದ ಬಡವರಲ್ಲಿ ಈ ರೋಗ ಕಾಣುವುದನ್ನು ಹೈದರಾಬಾದಿನಲ್ಲಿ ಅಭ್ಯಸಿಸಿದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯನವರು, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ ನಯಾಸಿನ್ನಿನ ವ್ಯವಹಾರಕ್ಕೆ ಅಡ್ಡಿಯಾಗುತ್ತದೆಂದು ೧೯೬೦ರಲ್ಲಿ ವಾದಿಸಿದರು. ರೊಟ್ಟಿಯೊಡನೆ ಬೇಳೆ, ಕಾಳು, ಶೇಂಗಾ ಚಟ್ನಿ ಇರತಕ್ಕ ಊಟಕ್ಕೆ ಈ ಭಯವಿಲ್ಲ.

ಬಡತನದ ಕೊರತೆ ಒಂದು. ವಯಸ್ಸಿನ ಕೊರತೆ ಇನ್ನೊಂದು. ಮುಪ್ಪಾದಂತೆ ಇಲಿಗಳ ಅನೇಕ ಅಂಗಗಳಲ್ಲಿ ಎನ್.ಎ.ಡಿ. ಇಳಿಯುತ್ತದೆ. ಅದಕ್ಕೆ ಸಿಡಿ-೩೮ ಎಂಬ ಬೇರೊಂದು ಕಿಣ್ವ ಅದನ್ನು ಹೆಚ್ಚುಹೆಚ್ಚಾಗಿ ನುಂಗಿಹಾಕುವುದು ಮುಖ್ಯ ಕಾರಣವೆಂದು ೨೦೧೬ರ ಪ್ರಯೋಗವೊಂದು ಹೇಳಿತು. ನಾಣ್ಯ ಇಳಿದರೆ ತುಂಬಿದರಾಯಿತೆಂಬುದು ಗುಳಿಗೆಯವರ ತರ್ಕ. ತರ್ಕ ಚೆನ್ನಾಗಿಯೇ ಇದೆ. ಪರೀಕ್ಷೆಯಲ್ಲಿ ಕಂಡುದೇನು? ಮಧುಮೇಹದ ಅಂಚಿನಲ್ಲಿದ್ದ, ಮುಟ್ಟು ನಿಂತ, ಮೈತೂಕ ಹೆಚ್ಚಿದ್ದ ೨೫ ಮಂದಿ ಸ್ತ್ರೀಯರಲ್ಲಿ ಕೆಲವರಿಗೆ ದಿನಕ್ಕೆ ೨೫೦ ಮಿಲಿಗ್ರಾಮಿನಂತೆ ಹತ್ತು ವಾರ ಎನ್.ಎಂ.ಎನ್. ಕೊಟ್ಟು, ಉಳಿದವರಿಗೆ ಬರಿಯ ಹುಸಿಗುಳಿಗೆ ಕೊಟ್ಟು ನೋಡಿದ ಫಲಿತಾಂಶ ೨೦೨೧ರಲ್ಲಿ ಬಂದಿತು. ಮಾಂಸಖಂಡಗಳು ಇನ್ಸುಲಿನ್ನಿಗೆ ಓಗೊಡುವ ಗುಣ ಸುಧಾರಿಸಿತು. ರಕ್ತದ ಸಕ್ಕರೆ, ರಕ್ತದ ಒತ್ತಡ, ಯಕೃತ್ತಿನ ಕೊಬ್ಬು ಇಳಿಯಲಿಲ್ಲ. ಅದೇ ಜಾತಿಯ ಮತ್ತೊಂದು ವಸ್ತುವೂ ರೆಸ್ವೆರಟ್ರಾಲೂ ಅಮೆರಿಕೆಯ ಸರ್ಕಾರಿ ಸಂಸ್ಥೆಯ ಆಶ್ರಯದಲ್ಲಿ ಮೂರು ಬೇರೆ ಬೇರೆ ಪ್ರಯೋಗಶಾಲೆಗಳಲ್ಲಿ ಸಾಮಾನ್ಯ ಇಲಿಗಳ ಮೇಲೆ ಪರೀಕ್ಷಿತವಾಗಿ ಆಯಸ್ಸನ್ನು ಬೆಳೆಸದೆ ಹೋದುವು. ಮನುಷ್ಯನ ಆಯಸ್ಸನ್ನು ಸರ್ಟೂಯಿನ್ನಿನ ಹೆಸರಿನ ಯಾವ ಗುಳಿಗೆಯೂ ಬೆಳೆಸಿದ ನಿದರ್ಶನವಿಲ್ಲ.

ಗುಳಿಗೆ ಬೇಡ, ಉಪವಾಸವನ್ನೇ ಹಿಡಿಯೋಣವೆಂದು ಯಾರಾದರೂ ಹೊರಟರೆ ಅವರಿಗೂ ಒಂದು ಮಾತು. ವಿಸ್ಕಾನ್ಸಿನ್ನಿನಲ್ಲಿ ಮಿತಾಹಾರದ ಕೋತಿಗಳಿಗೆ ಮುಪ್ಪಿನ ರೋಗಗಳಿಂದ ಸಾವು ಕಡಿಮೆಯೆಂದು ೨೦೦೯ರಲ್ಲಿ ತಿಳಿಯಿತು. ೨೦೧೨ರಲ್ಲಿ ಇನ್ನೊಂದು ಕೇಂದ್ರ ತನ್ನ ಕೋತಿಗಳ ಆಯಸ್ಸು ಬೆಳೆಯಲಿಲ್ಲವೆಂದಿತು. ಎರಡು ಕೇಂದ್ರಗಳೂ ೨೦೧೭ರಲ್ಲಿ ಲೆಕ್ಕ ಕೂಡಿಸಿ, ಆರೋಗ್ಯಕ್ಕೆ ಮಿತಾಹಾರ ಹಿತವೆಂಬುದರಲ್ಲಿ ಒಮ್ಮತಕ್ಕೆ ಬಂದುವು. ಕೋತಿಗಳ ವಯಸ್ಸು, ಮೇವಿನ ಗುಣ ಇವುಗಳಂತೆ ಫಲವೂ ಬೇರೆಯಾಗುತ್ತದೆಂದುವು. ಮನುಷ್ಯರಲ್ಲಿ ಎರಡು ವರ್ಷ ನಡೆದ ಪ್ರಯೋಗದಲ್ಲಿ ಜನರು ಆಹಾರವನ್ನು ಸುಮಾರು ಶೇಕಡಾ ೧೨ರಷ್ಟು ಇಳಿಸಲು ಶಕ್ತರಾದರು. ಮುಪ್ಪಿನ ವೇಗ ಅತ್ಯಲ್ಪವಾಗಿ, ಶೇಕಡಾ ಎರಡು ಮೂರರಷ್ಟು ತಗ್ಗಿತೆಂದು ೨೦೨೩ರಲ್ಲಿ ಒಂದು ಅಳತೆ ಹೇಳಿತು. ಆ ಜನರು ಗಟ್ಟಿಮುಟ್ಟಾದ ಯುವಕರು ಮತ್ತು ನಡುವಯಸ್ಕರು. ಎಪ್ಪತ್ತು ದಾಟಿದ, ಮೊದಲೇ ಕೃಶವಾದ ಶರೀರಕ್ಕೆ ಅನ್ನ ತಗ್ಗಿಸುವುದು ಹಾನಿ. ಸಕ್ಕರೆ ರೋಗದ ಔಷಧ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಉಪವಾಸಕ್ಕೆ ಕೈಹಾಕಲೇ ಬಾರದು.

ಇಷ್ಟನ್ನು ಬರೆದು ಮುಗಿಸಿ, ಶನಿವಾರ ಸಂಜೆ ಮೇಷ್ಟರನ್ನು ಕರೆಸಿಕೊಂಡು ಓದಿ ಹೇಳಿದೆ. ಶಾನುಭೋಗರ ಮಾತು ಬಂದಾಗ ಒಮ್ಮೆ ನಕ್ಕರು. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಅವಳಿಗಿಂತ ಹಿಂದೆ ಉಳಿಯುವುದಕ್ಕೆ ಏನು ಮಾಡಬೇಕು?" ಎಂದು ಕೇಳಿದರು.

ನಾನು ಉತ್ತರದ ಬದಲು ಪ್ರಶ್ನೆಯನ್ನೇ ಕೇಳಿದೆ. ರಕ್ತದ ಒತ್ತಡ ನೋಡಿಸಿಕೊಂಡು ಎಷ್ಟು ದಿನವಾಯಿತು? ಒಂದೂವರೆ ವರ್ಷ. ರಾತ್ರಿ ಎಷ್ಟು ಗಂಟೆ ನಿದ್ದೆ? ಆಕೆಯನ್ನು ಮಗ್ಗುಲಿಗೆ ತಿರುಗಿಸಬೇಕಾದ್ದರಿಂದ ಎರಡು ಗಂಟೆಗೊಮ್ಮೆ ಎಚ್ಚರ. ಊಟ? ಅವಳದಾದ ಮೇಲೆ, ಹೊತ್ತುಗೊತ್ತಿಲ್ಲ. ಸಂಜೆಯ ತಿರುಗಾಟ? ಅದು ನಿಂತು ನಾಲ್ಕು ವರ್ಷ. ಜೀವಕಣದೊಳಗಿನ ಎನ್.ಎ.ಡಿ.ಗೂ ಹಗಲು ರಾತ್ರಿಯ ಏರಿಳಿತವಿದೆ, ಸರ್ಟೂಯಿನ್ನಿನ ಕೆಲಸವೂ ಅದರ ತಾಳಕ್ಕೆ ಹೆಜ್ಜೆ ಹಾಕುತ್ತದೆಂದು ೨೦೦೯ರಲ್ಲಿ ತಿಳಿದುಬಂದಿದೆಯಷ್ಟೆ. ಮೇಷ್ಟರ ಮೈಯ ಶಾನುಭೋಗರಿಗೆ ನಾಣ್ಯಕ್ಕಿಂತ ಮೊದಲು 'ಈಗ ರಾತ್ರಿ, ಈಗ ಹಗಲು' ಎಂದು ಹೇಳುವವರೊಬ್ಬರು ಬೇಕಾಗಿದ್ದರು.

ಅಂದೇ ಅವರನ್ನು ನಮ್ಮ ವೈದ್ಯರ ಬಳಿಗೆ ಕರೆದೊಯ್ದೆ. ಒತ್ತಡ ೧೭೦ಕ್ಕೆ ೧೦೦ ಇದ್ದಿತು. ಮನೆಯಲ್ಲಿ ಪಾರ್ಶ್ವವಾಯುವಿನ ರೋಗಿಯನ್ನಿಟ್ಟುಕೊಂಡವರೇ ಅದನ್ನು ಬರಮಾಡಿಕೊಳ್ಳುವ ಹಾದಿಯಲ್ಲಿದ್ದರು. ವೈದ್ಯರು ಮತ್ತೆ ಮತ್ತೆ ಅಳೆದು, ಹಳೆಯದಾದ, ಅಗ್ಗವಾದ, ಲಕ್ಷಾಂತರ ಮಂದಿಯಲ್ಲಿ ಪರೀಕ್ಷೆಗೆ ನಿಂತು ಗೆದ್ದ ಗುಳಿಗೆಯೊಂದನ್ನು ಬರೆದುಕೊಟ್ಟರು. ತಿಂಗಳಿಗೆ ಅದಕ್ಕೆ ತಗಲುವ ಹಣ ಅಮೆರಿಕೆಯ ಸೀಸೆಯ ಬೆಲೆಗೆ ಹೋಲಿಸಿದರೆ ಏನೂ ಅಲ್ಲ. ರಾತ್ರಿ ಮಗನಿಗೆ ಫೋನು ಹೋಯಿತು. ಅವನು ಒಳ್ಳೆಯವನು, ದೂರದಲ್ಲಿ ಕುಳಿತು ಏನಾದರೊಂದು ಮಾಡಬೇಕೆಂಬ ತಳಮಳದಲ್ಲಿ ಸೀಸೆ ಕಳುಹಿಸಿದ್ದ. ಆ ಹಣದೊಡನೆ ಇನ್ನಷ್ಟು ಸೇರಿಸಿ ರಾತ್ರಿಯ ಹೊತ್ತು ತಾಯಿಯನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಡಿಸುವುದಾಗಿ ಒಪ್ಪಿದ.

ಹೊರಡುವಾಗ ಮೇಷ್ಟರು ಸೀಸೆಯ ಕಡೆಗೆ ನೋಡಿದರು. "ಇದನ್ನೇನು ಮಾಡಲಿ?" ಎಂದರು. "ಇಲ್ಲೇ ಇರಲಿ" ಎಂದೆ. ಏಳು ಹೊಡೆಯಿತು, ಗಂಜಿಯ ಹೊತ್ತಾಯಿತೆಂದು ಅವರು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು. ಬೀದಿಯ ತುದಿಯವರೆಗೂ ಸ್ವಲ್ಪ ಬಿರುಸಾಗಿಯೇ ನಡೆದಂತೆ ನನಗೆ ಕಂಡಿತು.